ಅಂಕಿ ಸುಳ್ಳಾದ್ರೂ ಭಾವನೆ ನಿಜವಂತೆ

ಮಹಿಳಾ ದಿನ ಬಂತು ಅಂದ್ರೆ ಆ ಕಾರ್ಡ್ ಬಂದೇ ಬರುತ್ತದೆ. ನೇರಳೆ ಹಿನ್ನೆಲೆ, ಮೇಲೆತ್ತಿದ ಮುಷ್ಟಿ, ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಜಗತ್ತಿನ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರದು, ಆದಾಯದಲ್ಲಿ ಅವರಿಗೆ ಸಿಗೋದು ಶೇ 10, ಆಸ್ತಿಯಲ್ಲಿ ಶೇ 1. ನೀವೂ ನೋಡಿದ್ದೀರಿ. ಶೇರ್ ಕೂಡ ಮಾಡಿರುತ್ತೀರಿ, ಬಿಡಿ.

ಈ ಅಂಕಿಗೆ ಯಾರಾದರೂ ದೃಷ್ಟಿ ತೆಗೆಯಬೇಕು. ಅದು ಹುಟ್ಟಿದ್ದು 1970ರ ದಶಕದ ಕೊನೆಗೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಂದು ನಿಯತಕಾಲಿಕದಲ್ಲಿ. 1980ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆಯುವ ಹೊತ್ತಿಗೆ ಊರೂರು ಸುತ್ತುವಷ್ಟು ಗಟ್ಟಿಯಾಗಿತ್ತು. ಆಮೇಲೆ ಸೋವಿಯತ್ ಒಕ್ಕೂಟ ಒಡೆದು ಹೋಯಿತು. ಜಗತ್ತಿನ ಜನಸಂಖ್ಯೆ ಹತ್ತಿರಹತ್ತಿರ ಇಮ್ಮಡಿಯಾಯಿತು. ಕೋಟ್ಯಂತರ ಹೆಂಗಸರು ಸಂಬಳದ ಕೆಲಸಕ್ಕೆ ಸೇರಿದರು. ಈ ಅಂಕಿಗೆ ಮಾತ್ರ ಒಂದು ಕೂದಲೂ ನರೆಯಲಿಲ್ಲ. ಇದಕ್ಕೆ ಬುಡವೇ ಇಲ್ಲ ಅಂತ ಹೇಳಿ ಹೇಳಿ ಸಂಶೋಧಕರಿಗೇ ವಯಸ್ಸಾಯಿತು. ಶ್ರೀಮಂತ ದೇಶಗಳ ಹೆಂಗಸರ ಸಂಬಳವಷ್ಟನ್ನೇ ಕೂಡಿದರೂ ಆ ಶೇ 10 ದಾಟಿಬಿಡುತ್ತದೆ. ಆದರೆ ಕೂಡೋ ಲೆಕ್ಕಕ್ಕೆ ಲೈಕ್ ಬೀಳಲ್ಲ ಅಲ್ವಾ?

ಇದನ್ನು ಹೇಳಿದರೆ ಒಂದು ಉತ್ತರ ಸಿದ್ಧವಾಗಿದೆ. “ಅಂಕಿ ಮುಖ್ಯ ಅಲ್ಲ, ಅದರ ಹಿಂದಿನ ನೋವು ಮುಖ್ಯ.” ಆಹಾ! ಹಾಗಿದ್ದ ಮೇಲೆ ಅಂಕಿ ಯಾಕೆ ಹಾಕಿದಿರಿ ತಾಯಿ? ಸುಮ್ನೆ ನೋವು ಅಂತಲೇ ಬರೆಯಬಹುದಿತ್ತು.

ಅಂಕಿ ಸಿಗದವರಿಗೆ “ಅಧ್ಯಯನವೊಂದರ ಪ್ರಕಾರ” ಇದೆ. ಯಾರು ಮಾಡಿದ ಅಧ್ಯಯನ, ಎಷ್ಟು ಜನರನ್ನು ಮಾತಾಡಿಸಿದರು, ಏನಂತ ಕೇಳಿದರು, ಇದನ್ನೆಲ್ಲ ವಿಚಾರಿಸಬಾರದು. ವಿಚಾರಿಸಿದರೆ ನೀವು ಪಿತೃಪ್ರಧಾನ ವ್ಯವಸ್ಥೆಯ ಏಜೆಂಟ್. ಲಿಂಕ್ ಒತ್ತಿದರೆ ಇನ್ನೊಂದು ಲೇಖನ. ಅಲ್ಲಿಂದ ಒಂದು ಪೋಸ್ಟರ್. ಪೋಸ್ಟರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ “ಆಧಾರ: ಇಂಟರ್ನೆಟ್”.

ಮಾತು ಎಲ್ಲಿಗೋ ಹೋಗುತ್ತಿದೆ, ಹೋಗಲಿ. ಮರ್ಲಿನ್ ಮನ್ರೋ ಫೋಟೊ ಹಾಕಿ, ಒಳ್ಳೆ ನಡತೆಯ ಹೆಂಗಸರು ಇತಿಹಾಸ ಸೃಷ್ಟಿಸೋದು ಅಪರೂಪ ಅಂತ ಬರೆದಿರುತ್ತಾರಲ್ಲ, ಆ ಮಾತು ಮನ್ರೋದಲ್ಲ. ಲಾರೆಲ್ ಥ್ಯಾಚರ್ ಅಲ್ರಿಚ್ ಎಂಬ ಇತಿಹಾಸಕಾರ್ತಿಯದು. 1976ರಲ್ಲಿ ಒಂದು ವಿದ್ವತ್ ಲೇಖನದಲ್ಲಿ ಬರೆದರು. ವಿಷಯ ಏನು ಗೊತ್ತಾ? ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಪಾದ್ರಿಗಳು ದೈವಭಕ್ತ ಹೆಂಗಸರು ಸತ್ತಾಗ ಮಾಡುತ್ತಿದ್ದ ಉಪದೇಶ! ಸದ್ದಿಲ್ಲದೆ ಬಾಳಿ ಹೋದ ಆ ಹೆಂಗಸರನ್ನು ಇತಿಹಾಸ ಮರೆತೇಬಿಟ್ಟಿದೆ ಅನ್ನೋದು ಆಕೆಯ ಕೊರಗು. ನಾವೇನು ಮಾಡಿದೆವು? ಓದಿ ದುಡಿದವಳ ಹೆಸರು ಅಳಿಸಿದೆವು, ನಟಿಯ ಮುಖ ಅಂಟಿಸಿದೆವು, ಅರ್ಥವನ್ನು ತಲೆಕೆಳಗು ಮಾಡಿ ಟೀ ಶರ್ಟ್ ಮೇಲೆ ಅಚ್ಚು ಹಾಕಿದೆವು. ಹೆಣ್ಣಿನ ದನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ!

ಅಮೆರಿಕದ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್‌ಗೆ ಹೀಗೆ ಆಧಾರವಿಲ್ಲದೆ ಮಾತಾಡೋ ಸುಖ ಇರಲಿಲ್ಲ. ಕಪ್ಪು ಜನರ ಗುಂಪು ಹತ್ಯೆ ಬಗ್ಗೆ ಬರೆದದ್ದಕ್ಕೆ 1892ರಲ್ಲಿ ಮೆಂಫಿಸ್‌ನಲ್ಲಿ ಆಕೆಯ ಪತ್ರಿಕಾ ಕಚೇರಿಯನ್ನೇ ಪುಡಿ ಮಾಡಿದರು. ಸಿಟ್ಟು ಬರಲಿಕ್ಕೆ ಆಕೆಗಿಂತ ದೊಡ್ಡ ಕಾರಣ ಯಾರಿಗಿತ್ತು? 1895ರಲ್ಲಿ ಆ ಹತ್ಯೆಗಳ ಲೆಕ್ಕ ಕೊಡುವಾಗ ಆಕೆ ಅಂಕಿ ತೆಗೆದುಕೊಂಡದ್ದು ‘ಷಿಕಾಗೊ ಟ್ರಿಬ್ಯೂನ್’ನಿಂದ. ಬಿಳಿಯರ ಪತ್ರಿಕೆಯೇ ಅಚ್ಚು ಹಾಕಿದ್ದನ್ನು ಬಿಳಿಯರು ಸುಳ್ಳು ಅನ್ನೋ ಹಾಗಿಲ್ಲವಲ್ಲ.

ಸಾಕು ತಮಾಷೆ. ವಿಶ್ವಸಂಸ್ಥೆಯ ಅಂದಾಜಿನಲ್ಲಿ 2023ರಲ್ಲಿ ಸಂಗಾತಿ ಅಥವಾ ಮನೆಯವರ ಕೈಯಲ್ಲೇ ಸತ್ತ ಹೆಂಗಸರು, ಹುಡುಗಿಯರು ಸುಮಾರು 51,100. ದಿನಕ್ಕೆ 140. ಹೇಗೆ ಲೆಕ್ಕ ಹಾಕಿದೆವು, ಎಲ್ಲಿ ಮಾಹಿತಿ ಸಾಲದು ಅಂತ ಅದೇ ವರದಿಯಲ್ಲಿ ಬರೆದಿದ್ದಾರೆ. ಸಂಬಳವಿಲ್ಲದ ಮನೆಗೆಲಸ, ಆರೈಕೆಯ ಗಂಟೆಗಳಲ್ಲಿ ಶೇ 76.2 ಹೆಂಗಸರ ಪಾಲು ಅಂತ ಅದೇ ಕಾರ್ಮಿಕ ಸಂಘಟನೆ 2018ರಲ್ಲಿ ಲೆಕ್ಕ ಹಾಕಿ ಹೇಳಿತು. ಇಷ್ಟು ಸಾಲದಾ? ದಿನಕ್ಕೆ 140 ಹೆಣ ಸಾಲದು ಅಂತ ಇನ್ನೊಂದಿಷ್ಟು ಸೇರಿಸಬೇಕಾ?

ತನಗಾದದ್ದನ್ನು ಹೇಳಿಕೊಳ್ಳುವವಳ ಹತ್ತಿರ ಅಂಕಿಅಂಶ ಕೇಳುವವರೂ ಇದ್ದಾರೆ. ಅವರ ಹತ್ತಿರ ನನಗೆ ಮಾತಿಲ್ಲ. ನನ್ನ ತಕರಾರು “ಜಗತ್ತಿನ ಹೆಂಗಸರೆಲ್ಲ” ಅಂತ ಶುರು ಮಾಡುವವರ ಮೇಲೆ. ಯಾಕಂದ್ರೆ ಆಚೆ ಕಡೆ ಒಬ್ಬ ಕಾಯುತ್ತಾ ಕೂತಿದ್ದಾನೆ. ಹೆಂಗಸರು ಹಾಕೋ ಕೇಸೆಲ್ಲ ಸುಳ್ಳು ಅನ್ನೋನು. ಅವನ ಹತ್ತಿರ ಆಧಾರ ಇಲ್ಲ, ಯಾರೂ ಕೇಳುವುದೂ ಇಲ್ಲ. ಇದು ಅನ್ಯಾಯವೇ. ಆದರೆ ಆ ಶೇ 1 ಸುಳ್ಳು ಅಂತ ಅವನು ಎರಡು ನಿಮಿಷದಲ್ಲಿ ಹುಡುಕಿ ತೆಗೆಯುತ್ತಾನೆ. ಸ್ಕ್ರೀನ್‌ಶಾಟ್ ಹಾಕಿ ಕುಣಿಯುತ್ತಾನೆ. ನಾಳೆ ಯಾರೋ ಆ 140ರ ಮಾತೆತ್ತಿದರೂ ಅದೇ ಸ್ಕ್ರೀನ್‌ಶಾಟ್ ತೋರಿಸಿ ಬಾಯಿ ಮುಚ್ಚಿಸುತ್ತಾನೆ. ಅವನಿಗೆ ಎರಡು ನಿಮಿಷದಲ್ಲಿ ಸಿಕ್ಕಿದ್ದು, ಬರೆಯೋಕೆ ಮುಂಚೆ ನಮ್ಮವರಿಗೆ ಯಾಕೆ ಸಿಗಲಿಲ್ಲ?