ಬೀಜ ಜಲಂಧರದ್ದು, ಕೋಚ್ ಕ್ರೊಯೇಷಿಯಾದವರು

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಂದು ಸಲ ತೆರೆಯುತ್ತದೆ. 2024ರಲ್ಲೂ ಅಕ್ಟೋಬರ್ 24ಕ್ಕೆ ತೆರೆಯಿತು. ಭಾರತದ ಪುರುಷರ ಫುಟ್ಬಾಲ್ ತಂಡದ ಗೆಲುವಿನ ಬಾಗಿಲು ಮಾತ್ರ ಆ ವರ್ಷವಿಡೀ ಮುಚ್ಚಿಯೇ ಇತ್ತು. ಆಡಿದ್ದು 11 ಪಂದ್ಯ; 6 ಸೋಲು, 5 ಡ್ರಾ. ಹೊಡೆದ ಗೋಲು 4, ತಿಂದದ್ದು 15.

ಆಲೂಗಡ್ಡೆ ಬೆಳೆಯುವ ನಮಗೆ ಈ ಕತೆ ಹೊಸದಲ್ಲ. ಜಲಂಧರದಿಂದ ಲಾರಿ ತುಂಬಾ ಬಿತ್ತನೆ ಬೀಜ ಬರುತ್ತದೆ, ನೆಡುತ್ತೇವೆ, ಜಿಟಿಜಿಟಿ ಮಳೆ ಹಿಡಿದುಕೊಂಡರೆ ಅಂಗಮಾರಿ. ಬೀಜ ಕೊಟ್ಟವನಿಗೆ ಬೈದು, ಮುಂದಿನ ವರ್ಷ ಇನ್ನೊಬ್ಬನ ಹತ್ತಿರ ತರುತ್ತೇವೆ. ಹೊಲದ ಮಣ್ಣು ಮಾತ್ರ ಅದೇ.

ಜನವರಿಯಲ್ಲಿ ಕತಾರ್‌ನ ಏಷ್ಯಾ ಕಪ್. ಆಸ್ಟ್ರೇಲಿಯಾ 2, ಉಜ್ಬೇಕಿಸ್ತಾನ 3, ಸಿರಿಯಾ 1. ನಮ್ಮದು ಮೂರೂ ಕಡೆ ಸೊನ್ನೆ. ವರ್ಷದ ಮೊದಲ ಗೋಲು ಕಾಣಲು ಮಾರ್ಚ್ 26 ಬರಬೇಕಾಯಿತು, ಅದೂ ಪೆನಾಲ್ಟಿ. ಗುವಾಹಟಿಯಲ್ಲಿ ಸುನಿಲ್ ಛೆಟ್ರಿ ತಮ್ಮ 150ನೇ ಪಂದ್ಯದಲ್ಲಿ ಹೊಡೆದರು. ಆ ಪಂದ್ಯವನ್ನೂ ಅಫ್ಗಾನಿಸ್ತಾನ 2-1ರಿಂದ ಗೆದ್ದುಕೊಂಡು ಹೋಯಿತು.

ಇಲ್ಲೊಂದು ಸ್ವಾರಸ್ಯವಿದೆ. 2022ರ ಜೂನ್‌ನಲ್ಲಿ ಇದೇ ಅಫ್ಗಾನಿಸ್ತಾನವನ್ನು ನಾವು ಇದೇ 2-1ರಿಂದ ಸೋಲಿಸಿದ್ದೆವು. ಆ ಪಂದ್ಯಕ್ಕೆ ಮುಂಚೆ ಕ್ರೊಯೇಷಿಯಾದ ಕೋಚ್ ಇಗೊರ್ ಸ್ಟಿಮ್ಯಾಕ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಗೆ ಕಳಿಸಿ ಗ್ರಹಗತಿ ಕೇಳಿದ್ದರೆಂದು ಮರುವರ್ಷ ಪತ್ರಿಕೆಗಳು ಬರೆದವು. ಸಂತೆಪೇಟೆಯ ಟೀ ಅಂಗಡಿಯಲ್ಲಿ ಇದನ್ನು ಓದಿ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೋರ್‌ವೆಲ್ ಕೊರೆಸುವಾಗ ನಾವು ತೆಂಗಿನಕಾಯಿ ಹಿಡಿಸುವುದಿಲ್ಲವೇ? ನೀರು ಬಂದರೆ ಕಾಯಿಯ ಮಹಿಮೆ, ಬರದಿದ್ದರೆ ಲಾರಿಯವನ ತಪ್ಪು.

2024ರ ಜೂನ್ 11, ದೋಹಾ, ಕತಾರ್ ವಿರುದ್ಧ. ನಮ್ಮ ಛಾಂಗ್ಟೆ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು, ನಿಜಕ್ಕೂ ಮುಂದಿದ್ದೆವು. ಆಮೇಲೆ ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಕತಾರ್‌ನವರು ಕಾಲಲ್ಲಿ ಎಳೆದು ತಂದು ಗೋಲಿಗೆ ತಳ್ಳಿದರು. ರೆಫರಿ ಗೋಲು ಅಂದರು. ಕೊನೆಗೆ 1-2. ಸಕಲೇಶಪುರದ ಕಡೆ ಕೆಸರುಗದ್ದೆ ಆಟಕ್ಕೆ ಬನ್ನಿ. ಗೆರೆಯೇ ಇಲ್ಲದ ಗದ್ದೆಯಲ್ಲೂ ಚೆಂಡು ಬದು ದಾಟಿದ್ದನ್ನು ದನ ಕಾಯುವ ಹುಡುಗ ಕೂಗಿ ಹೇಳುತ್ತಾನೆ. ಈ ಒಂದು ಸೋಲಿಗೆ ನಾನು ತಂಡವನ್ನು ಬೈಯಲಾರೆ. ಉಳಿದ ಹತ್ತು ಪಂದ್ಯಕ್ಕೆ ಬಾಯಿ ಬಿಗಿ ಹಿಡಿಯಲಾರೆ.

ವಾರದೊಳಗೆ ಸ್ಟಿಮ್ಯಾಕ್ ವಜಾ. ಸುಮ್ಮನೆ ಹೋದರೇ? ಒಪ್ಪಂದ ಮುರಿದದ್ದಕ್ಕೆ ಫುಟ್ಬಾಲ್ ಒಕ್ಕೂಟ 4 ಲಕ್ಷ ಡಾಲರ್ ಪರಿಹಾರ ತೆತ್ತಿತೆಂದು ಸುದ್ದಿ. ಬೆಳೆ ಹೋದ ರೈತನಿಗೆ ಪರಿಹಾರ ಬರುವುದು ನಮಗೆ ಗೊತ್ತು (ಬಂದಾಗ). ಬೆಳೆ ಹೋಯಿತೆಂದು ಬೀಜ ಕೊಟ್ಟವನಿಗೇ ಪರಿಹಾರ ಕೊಡುವ ಯೋಜನೆ ಇದೇ ಮೊದಲು.

ಹೊಸ ಕೋಚ್ ಸ್ಪೇನ್‌ನ ಮನೋಲೊ ಮಾರ್ಕೆಜ್. ಆಗ ಅವರು ಎಫ್‌ಸಿ ಗೋವಾ ಕ್ಲಬ್ಬಿನ ಕೋಚೂ ಆಗಿದ್ದರು, ದೇಶದ ಕೋಚೂ ಆಗಿದ್ದರು. ನಮ್ಮೂರಲ್ಲಿ ಇದಕ್ಕೆ ‘ಪ್ರಭಾರ’ ಅಂತಾರೆ. ಎರಡು ಸರ್ಕಲ್ಲಿಗೆ ಒಬ್ಬರೇ ಲೆಕ್ಕಿಗರು; ಇಲ್ಲಿ ಕೇಳಿದರೆ ಅಲ್ಲಿದ್ದಾರೆ, ಅಲ್ಲಿ ಕೇಳಿದರೆ ಮೀಟಿಂಗಲ್ಲಿದ್ದಾರೆ. ಪಹಣಿಯಲ್ಲಿ ಒಂದು ಅಕ್ಷರ ತಿದ್ದಿಸಲು ಎರಡು ವರ್ಷ ಅಲೆದವನು ನಾನು. ದೇಶದ ತಂಡಕ್ಕೂ ಅದೇ ಗತಿಯೆಂದು ತಿಳಿದಾಗ ಸ್ವಲ್ಪ ಸಮಾಧಾನವೇ ಆಯಿತು.

ಪ್ರಭಾರದಲ್ಲಿ ಮೊದಲ ಪಂದ್ಯ ಹೈದರಾಬಾದಿನಲ್ಲಿ, ಮಾರಿಷಸ್ ಮೇಲೆ. ಆ ದೇಶದ ಒಟ್ಟು ಜನಸಂಖ್ಯೆ ನಮ್ಮ ಹಾಸನ ಜಿಲ್ಲೆಗಿಂತ ಕಡಿಮೆ. ಫಲಿತಾಂಶ 0-0. ಆಮೇಲೆ ಸಿರಿಯಾ ಮತ್ತೆ ಮೂರು ಹೊಡೆದು ಹೋಯಿತು. ವಿಯೆಟ್ನಾಂ, ಮಲೇಷ್ಯಾ ಜೊತೆ 1-1.

ಗೆಲುವು ಬಂದದ್ದು 2025ರ ಮಾರ್ಚ್ 19ಕ್ಕೆ, ಶಿಲ್ಲಾಂಗ್‌ನಲ್ಲಿ, ಮಾಲ್ಡೀವ್ಸ್ ವಿರುದ್ಧ 3-0. ಹಿಂದಿನ ಗೆಲುವಾಗಿ 489 ದಿನ ಕಳೆದಿತ್ತು. ಗೋಲು ಹೊಡೆದವರಲ್ಲಿ ಒಬ್ಬರು, ಹಿಂದಿನ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ನಿವೃತ್ತರಾಗಿ, ನಲವತ್ತನೇ ವಯಸ್ಸಿಗೆ ವಾಪಸು ಬಂದ ಅದೇ ಛೆಟ್ರಿ.

ಟೀ ಅಂಗಡಿಯಲ್ಲಿ ಈ ಸುದ್ದಿಯನ್ನೂ ಓದಿ ಹೇಳಿದೆ. ಅಂಗಡಿಯವನು ಗ್ಲಾಸು ತೊಳೆಯುತ್ತಲೇ ಕೇಳಿದ: “ಅಟ್ಟದ ಮೇಲಿಟ್ಟಿದ್ದ ಹಳೇ ಗೆಡ್ಡೇನೇ ಮತ್ತೆ ನೆಟ್ರಾ ಹಂಗಾದ್ರೆ?”