ಕಣ್ಣಿಗೆ ಕಾಣದ ಆರನೇ ಅಕ್ಷರ

ತಂಗಿ ಮದುವೆಗೆ ಯಾರ್‍ಯಾರನ್ನು ಕರೆಯಬೇಕು ಅನ್ನೋ ಪಟ್ಟಿ ನನ್ನ ತಲೆಗೆ ಬಂತು. ಅಪ್ಪ, ಅಮ್ಮ, ಚಿಕ್ಕಪ್ಪ ಮೂರೂ ಜನ ಹೆಸರು ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಸೇರಿಸಿದರೆ 412. ಕೆಲವರ ಹೆಸರಂತೂ ಮೂರು ಮೂರು ಸಲ. "ಕೂತ್ಕೊಂಡು ಪೆನ್ನಲ್ಲಿ ಹೊಡೆದುಹಾಕೋ" ಅಂದರು ಅಪ್ಪ. ಸಾಫ್ಟ್‌ವೇರ್ ಮಗ ಪೆನ್ನು ಮುಟ್ತಾನಾ? ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ತೆರೆದೆ.

ಹೆಸರಿನ ಕೊನೆಗೆ ಒಂದು ಸ್ಪೇಸ್ ಜಾಸ್ತಿ ಇದ್ದರೂ ಸಾಕು, ಕಂಪ್ಯೂಟರ್ ಪಾಲಿಗೆ ಅವರು ಬೇರೆ ಮನುಷ್ಯ. ಆಚೀಚೆಯ ಸ್ಪೇಸ್ ಕತ್ತರಿಸೋಕೆ ಅದರಲ್ಲಿ ಸ್ಟ್ರಿಪ್ ಅನ್ನೋ ಆಜ್ಞೆ ಇದೆ. ಬರೆದು ಓಡಿಸಿದೆ. ಒಂದು ಸ್ಪೇಸೂ ಜಗ್ಗಲಿಲ್ಲ. ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ಸ್ಟ್ರಿಪ್ ಹಳೇ ಹೆಸರನ್ನು ಮುಟ್ಟೋದೇ ಇಲ್ಲ, ಚೊಕ್ಕ ಮಾಡಿದ ಹೊಸ ಹೆಸರನ್ನು ಕೈಗೆ ಕೊಡುತ್ತದೆ. ನಾನು ಇಸ್ತ್ರಿಗೆ ಬಟ್ಟೆ ಕೊಟ್ಟು, ವಾಪಸ್ ಇಸ್ಕೊಳ್ಳದೇ ಬಂದಿದ್ದೆ.

ಅದನ್ನು ಸರಿಮಾಡಿದೆ. ಆದರೂ ನಮ್ಮ ಕಿರಣ್ ಮಾತ್ರ ಇಬ್ಬರು! ಕಣ್ಣು ಕಿರಿದು ಮಾಡಿ ನೋಡಿದರೂ ಒಂದೇ ಥರ. ಉದ್ದ ಅಳೆದೆ. ಕಂಪ್ಯೂಟರ್ ಗುಡಿಸು, ಕೊನೆಯ ಅರ್ಧಾಕ್ಷರದ ಗುರುತು ಎಲ್ಲವನ್ನೂ ಒಂದೊಂದು ಅಕ್ಷರ ಅಂತಲೇ ಎಣಿಸುತ್ತದೆ. ಒಬ್ಬ ಕಿರಣ್‌ಗೆ 5, ಇನ್ನೊಬ್ಬನಿಗೆ 6. ಕೊನೆಯ 'ಣ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಡಗಿ ಕೂತಿತ್ತು. ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡೋ ಯೂನಿಕೋಡ್‌ನಲ್ಲಿ ಅದರ ನಂಬರ್ 200ಸಿ. ಅಗಲ ಸೊನ್ನೆ. ಪೈಥಾನ್ ಲೆಕ್ಕದಲ್ಲಿ ಅದು ಸ್ಪೇಸೇ ಅಲ್ಲ, ಹಾಗಾಗಿ ಸ್ಟ್ರಿಪ್ ಅದರ ತಂಟೆಗೆ ಹೋಗಲ್ಲ.

ನನಗೆ ರೇಗಿತು. ಪಟ್ಟಿಯಲ್ಲಿ ಆ ಅಕ್ಷರ ಎಲ್ಲೆಲ್ಲಿದೆಯೋ ಎಲ್ಲಾ ಕಡೆ ಅಳಿಸಿದೆ. ಕಿರಣ್ ಒಬ್ಬನಾದ. ಲೇಬಲ್ ಪ್ರಿಂಟ್ ಮಾಡಿ, ಲಕೋಟೆಗೆ ಅಂಟಿಸಿ, ಕೊರಿಯರ್‌ಗೂ ಕೊಟ್ಟು ಬಂದೆ. ಎಷ್ಟು ಜಂಭ ಅಂತೀರಾ!

ಮೂರನೇ ದಿನ ಸೋದರಮಾವನ ಫೋನು. "ಏನೋ, ನನ್ನ ಹೆಸರಿನ 'ಕ' ಯಾಕೋ 'ಜ' ಕೆಳಗೆ ನೇತಾಡ್ತಿದೆ?"

ಲೇಬಲ್ ತೆಗೆದು ನೋಡಿದೆ. 'ರಾಜ್ಕುಮಾರ್' ಅಂತ ಇತ್ತು. ರಾಜ್‌ಕುಮಾರ್‌ನಲ್ಲಿ 'ಕ' ಒತ್ತಾಗಿ ಕೆಳಗೆ ಇಳಿಯದ ಹಾಗೆ ತಡೆದು ನಿಲ್ಲಿಸೋದೇ ಆ 200ಸಿ ಅಂತೆ! ಕಿರಣ್ ಬಾಲದಲ್ಲಿ ಸುಮ್ನೆ ಕೂತಿದ್ದ ಅದೇ ಪ್ರಾಣಿ ಇಲ್ಲಿ ಕಾವಲುಗಾರ. ಸ್ಟ್ರಿಪ್‌ನ ಆವರಣದೊಳಗೆ 'ಇವನ್ನು ಕತ್ತರಿಸು' ಅಂತ ಆ ಅಕ್ಷರವನ್ನೂ ಸ್ಪೇಸನ್ನೂ ಕೊಟ್ಟಿದ್ದರೆ ಎರಡು ತುದಿ ಮಾತ್ರ ಕತ್ತರಿಸುತ್ತಿತ್ತು, ನಡುವಿನದಕ್ಕೆ ಕೈ ಹಾಕುತ್ತಿರಲಿಲ್ಲ.

ಮದುವೆ ದಿನ ಮಾವ ಮುಯ್ಯಿ ಹಾಕಿದ್ದು ಅದೇ ಲಕೋಟೆಯಲ್ಲಿ. ಲೇಬಲ್ ಮೇಲೆ ಪೆನ್ನಲ್ಲಿ ಗೀಟು ಎಳೆದು, ಕೆಳಗೆ ದಪ್ಪಕ್ಕೆ ಬರೆದಿದ್ದರು: ರಾಜ್ ಕುಮಾರ್. ನಡುವೆ ಎರಡು ಬೆರಳಷ್ಟು ಜಾಗ ಬಿಟ್ಟಿದ್ದರು.