ಅಮೆರಿಕದಲ್ಲಿ ಎಂಎಸ್: ರ‍್ಯಾಂಕ್ ನೋಡಿ ಕಾಲೇಜು ಆರಿಸಬೇಕೇ?

ಪರ: ಮೊರ ಇಲ್ಲದೆ ಅಕ್ಕಿ ಕೇರೋದು ಹೇಗೆ?

(ಬರೆದವರು: ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ ಮೇಷ್ಟ್ರು)

ಸೆಪ್ಟೆಂಬರ್ ಬಂತೆಂದರೆ ನನ್ನ ಟೇಬಲ್ ಮುಂದೆ ಅಮೆರಿಕದಲ್ಲಿ ಎಂಎಸ್, ಅಂದರೆ ಸ್ನಾತಕೋತ್ತರ ಪದವಿ, ಮಾಡಲು ಹೊರಟವರ ಕ್ಯೂ. 'ಸರ್, ಒಂದು ಎಲ್‌ಒಆರ್ ಬೇಕಿತ್ತು.' ಅಂದರೆ ಶಿಫಾರಸು ಪತ್ರ. ಒಬ್ಬೊಬ್ಬರ ಕೈಯಲ್ಲೂ ಎಂಟೋ ಹತ್ತೋ ಕಾಲೇಜಿನ ಪಟ್ಟಿ ಇರುತ್ತದೆ. ಯಾರು ಮಾಡಿಕೊಟ್ಟಿದ್ದು ಅಂತ ಕೇಳಿದರೆ ಬಹಳಷ್ಟು ಮಂದಿ 'ಕನ್ಸಲ್ಟೆನ್ಸಿಯವರು ಸರ್' ಅನ್ನುತ್ತಾರೆ. ಎಷ್ಟು ತಗೊಂಡರು? 'ಫ್ರೀ ಸರ್.'

ಫ್ರೀ ಹೇಗಾಗುತ್ತದೆ? ಹುಡುಗ ಹೋಗಿ ಸೇರಿದ ಮೇಲೆ ಆ ಕಡೆಯ ಕಾಲೇಜಿನಿಂದ ಕಮಿಷನ್ ಬರುತ್ತದೆ. ಕಮಿಷನ್ ಕೊಡುವ ಕಾಲೇಜು ಪಟ್ಟಿಯ ಮೇಲ್ಗಡೆ ಇರುತ್ತದೆ. ಇದಕ್ಕಿಂತ ರ‍್ಯಾಂಕಿಂಗ್ ಪಟ್ಟಿ ಸಾವಿರ ಪಾಲು ವಾಸಿ, ಅಲ್ವಾ?

ಅಮೆರಿಕದಲ್ಲಿ ಡಿಗ್ರಿ ಕೊಡುವ ಕಾಲೇಜುಗಳು ಸಾವಿರಗಟ್ಟಲೆ ಇವೆ. ಚನ್ನಪಟ್ಟಣದ ಹುಡುಗಿಗೆ ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಅಂತ ಹೇಗೆ ಗೊತ್ತಾಗಬೇಕು? ಕೇರಲು ಒಂದು ಮೊರ ಬೇಕು. ರ‍್ಯಾಂಕ್ ಆ ಮೊರ.

ಮೊರ ಇಲ್ಲದೆ ಹೋದವರ ಕಥೆ ಮರೆತಿಲ್ಲ ತಾನೆ? ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ 2011ರ ಜನವರಿಯಲ್ಲಿ ವೀಸಾ ಮೋಸದ ಆರೋಪದ ಮೇಲೆ ಅಲ್ಲಿನ ಸರ್ಕಾರದ ದಾಳಿ ಆಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮವರೇ, ಅದರಲ್ಲೂ ಆಂಧ್ರದವರು. ಕೆಲವರ ಕಾಲಿಗೆ ಎಲ್ಲಿ ಹೋದರೂ ಗೊತ್ತಾಗುವ ರೇಡಿಯೊ ಪಟ್ಟಿ ಕಟ್ಟಿದರು. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ ಸರದಿ. ವೀಸಾ ಮೋಸ ಹಿಡಿಯಲು ಅದನ್ನು ಹುಟ್ಟುಹಾಕಿದ್ದೇ ಅಲ್ಲಿನ ಸರ್ಕಾರದ ಏಜೆಂಟರು. ಪಾಠ ಇಲ್ಲ, ಮೇಷ್ಟ್ರಿಲ್ಲ. ಮೊದಲ ಸುತ್ತಿನಲ್ಲಿ ಹಿಡಿದ 130 ಮಂದಿಯಲ್ಲಿ 129 ಭಾರತೀಯರು. ಗೊತ್ತಿದ್ದೇ ಸೇರಿದ್ದರು ಅಂತ ಸರ್ಕಾರದ ವಾದ. ಅದು ಬೇರೆ ಜಗಳ, ಬಿಡಿ.

'ವೀಸಾ ಕೊಡಲು ಸರ್ಕಾರ ಒಪ್ಪಿದ ಕಾಲೇಜುಗಳ ಪಟ್ಟಿ ಇದೆಯಲ್ಲ, ಅದನ್ನು ನೋಡಿದರೆ ಸಾಕು' ಅನ್ನುವವರಿದ್ದಾರೆ. ಸ್ವಾಮಿ, ಫಾರ್ಮಿಂಗ್ಟನ್ ಆ ಪಟ್ಟಿಯಲ್ಲೇ ಇತ್ತು! ಅದು ಇಲ್ಲದೇ ಇದ್ದದ್ದು ರ‍್ಯಾಂಕಿಂಗ್‌ನಲ್ಲಿ.

ಕೆಲಸದ ವಿಷಯವೂ ಅಷ್ಟೇ. ಹೆಸರಿರುವ ಕಾಲೇಜಿನ ಕರಿಯರ್ ಫೇರ್‌ಗೆ ಕಂಪನಿಗಳು ತಾವಾಗಿ ಬರುತ್ತವೆ. ನಾಳೆ ಬೆಂಗಳೂರಿಗೆ ವಾಪಸ್ ಬಂದರೂ ರೆಸ್ಯೂಮೆ ನೋಡುವವರಿಗೆ ಆ ಹೆಸರು ಗೊತ್ತಿರುತ್ತದೆ.

37ನೇ ಸ್ಥಾನಕ್ಕೂ 52ನೇ ಸ್ಥಾನಕ್ಕೂ ಏನು ವ್ಯತ್ಯಾಸ ಅಂತ ಕೇಳಬೇಡಿ. ನನಗೂ ಹೇಳಲು ಬರುವುದಿಲ್ಲ. ಮೊರದಲ್ಲಿ ಕೇರಿದ ಮೇಲೂ ಕಲ್ಲು ಕೈಯಲ್ಲೇ ಆರಿಸಬೇಕು. ದುಡ್ಡಿನ ಪ್ರಶ್ನೆ? ಒಳ್ಳೆ ಕಾಲೇಜಾದರೆ ಸಾಲ ಹೇಗೋ ತೀರುತ್ತದೆ.

ವಿರೋಧ: ರ‍್ಯಾಂಕ್ ಬಂದು ಕಂತು ಕಟ್ಟಲ್ಲ

(ಬರೆದವರು: ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ)

'ಹೇಗೋ ತೀರುತ್ತದೆ.' ಮೇಷ್ಟ್ರ ಈ ಮಾತನ್ನು ನಾನು ಸಾಲದ ಟೇಬಲ್ ಹಿಂದೆ ಕೂತು ಹನ್ನೊಂದು ವರ್ಷ ಕೇಳಿದ್ದೇನೆ. ಹೇಳುವವರು ಯಾವಾಗಲೂ ಕಂತು ಕಟ್ಟುವವರಲ್ಲ.

ಕಟ್ಟುವವರು ಹೇಗೆ ಬರುತ್ತಿದ್ದರು ಹೇಳುತ್ತೇನೆ. ಅಪ್ಪ, ಅಮ್ಮ, ಮಗ. ಅಮ್ಮನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಸೈಟಿನ ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಇಸಿ. ಮಗನ ಕೈಯಲ್ಲಿ ಕಾಲೇಜು ಕಳಿಸಿದ ಐ-20, ಅಂದರೆ ವೀಸಾಕ್ಕೆ ಬೇಕಾದ ಪ್ರವೇಶದ ಪತ್ರ. ಆ ಹಾಳೆಯಲ್ಲಿ ಎಡಗಡೆ ಖರ್ಚು, ಬಲಗಡೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಇರುತ್ತದೆ. ಎಷ್ಟೋ ಅಪ್ಪಂದಿರು ಎಡಗಡೆಯ ಮೊತ್ತ ನೋಡಿ ಇಡೀ ಎಂಎಸ್‌ಗೆ ಇಷ್ಟೇ ಅಂದುಕೊಂಡಿರುತ್ತಿದ್ದರು. ಅದು ಒಂದು ವರ್ಷದ ಲೆಕ್ಕ ಸಾರ್, ಕೋರ್ಸು ಎರಡು ವರ್ಷ ಅಂತ ನಾನೇ ಹೇಳಬೇಕಿತ್ತು. ಆಗ ಅಮ್ಮ ಮಗನ ಕಡೆ ನೋಡುತ್ತಿದ್ದರು. ಮಗ ಹೇಳುತ್ತಿದ್ದದ್ದು ಒಂದೇ: 'ರ‍್ಯಾಂಕ್ ಚೆನ್ನಾಗಿದೆ ಅಮ್ಮ.'

ನಾನು ಚಲನ್ ಹಿಂದೆ ಬರೆದು ತೋರಿಸುತ್ತಿದ್ದೆ. 40 ಲಕ್ಷ ಸಾಲ, ಶೇ 10 ಬಡ್ಡಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 4 ಲಕ್ಷ. ದಿನಕ್ಕೆ 1,096 ರೂಪಾಯಿ. ಓದುವಾಗ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿಗೆ ದಸರಾ ರಜೆ ಇಲ್ಲ.

ಆ ರ‍್ಯಾಂಕಾದರೂ ಏನು? ಅಲ್ಲಿ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಯು.ಎಸ್. ನ್ಯೂಸ್ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಕೊಲಂಬಿಯಾ ಯೂನಿವರ್ಸಿಟಿ ಎರಡನೇ ಸ್ಥಾನದಲ್ಲಿತ್ತು. ಕೊಟ್ಟ ಅಂಕಿ-ಅಂಶ ಸರಿ ಇಲ್ಲ ಅಂತ ಅಲ್ಲಿನ ಗಣಿತದ ಪ್ರೊಫೆಸರೇ ಪ್ರಶ್ನೆ ಎತ್ತಿದರು. 2022ರಲ್ಲಿ ಅದು 18ಕ್ಕೆ ಇಳಿಯಿತು. ಪಾಠ ಮಾಡುವವರು ಅವರೇ, ಕಟ್ಟಡ ಅದೇ! ನಮ್ಮ ಮಕ್ಕಳು ನೋಡುವುದೂ ಬಹುಪಾಲು ಅಲ್ಲಿನ ಬಿ.ಎ., ಬಿ.ಎಸ್ಸಿ. ಮಟ್ಟದ ಪಟ್ಟಿ. ಎಂಎಸ್‌ಗೆ ಬೇರೆ ಪಟ್ಟಿ ಇದೆ. ಅದರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ರ‍್ಯಾಂಕ್ ಬರುವುದು ಬೇರೆ ಕಾಲೇಜಿನ ಪ್ರೊಫೆಸರುಗಳ ಅಭಿಪ್ರಾಯ ಕೇಳಿ. ಫೀಸು ಎಷ್ಟು, ಕೆಲಸ ಸಿಕ್ಕಿತಾ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ.

ಈಗ ನನ್ನ ಮಗಳ ಕಥೆ. ಮೆಕ್ಯಾನಿಕಲ್ ಓದಿದ್ದಳು. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದೊಡ್ಡ ಊರಿನ ಹೆಸರುವಾಸಿ ಖಾಸಗಿ ಯೂನಿವರ್ಸಿಟಿ. ಇನ್ನೊಂದು ಜೋಳದ ಹೊಲಗಳ ನಡುವಿನ ಸಣ್ಣ ಊರಿನ ಸರ್ಕಾರಿ ಯೂನಿವರ್ಸಿಟಿ. ಎರಡನೆಯದಕ್ಕೆ ಅರ್ಧಕ್ಕಿಂತ ಕಡಿಮೆ ಖರ್ಚು. ಅವಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಹೊತ್ತಿಗೇ ಮೈದುನನ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಅವನು, 'ಅತ್ತಿಗೆ, ಆ ಕಾಲೇಜಿನ ಹೆಸರು ನಾವು ಕೇಳೇ ಇಲ್ವಲ್ಲ' ಅಂದ. ಅವನಿಗೆ ಅಮೆರಿಕದಲ್ಲಿ ಗೊತ್ತಿದ್ದದ್ದು ಹಾರ್ವರ್ಡ್ ಮತ್ತೆ ಸ್ಟ್ಯಾನ್‌ಫರ್ಡ್ ಅಷ್ಟೇ. ಪಂಕ್ತಿಯಲ್ಲಿ ಹೇಳಿಕೊಳ್ಳಲು 40 ಲಕ್ಷ ಸಾಲ ಮಾಡಬೇಕಾ? ಸುಮ್ನೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮಗಳು ಸಣ್ಣ ಊರಿಗೇ ಹೋದಳು. ಹೋಗುವ ಮುಂಚೆ ಅಲ್ಲಿನ ಒಂಬತ್ತು ಪ್ರೊಫೆಸರುಗಳಿಗೆ ಮೇಲ್ ಬರೆದಿದ್ದಳು. ಉತ್ತರ ಕೊಟ್ಟವರು ಇಬ್ಬರು. ಮೊದಲ ಸೆಮಿಸ್ಟರ್ ಫೀಸು ನಾವೇ ಕಟ್ಟಿದೆವು. ಎರಡನೇ ಸೆಮಿಸ್ಟರ್‌ನಿಂದ ಆ ಇಬ್ಬರಲ್ಲಿ ಒಬ್ಬರು ತಮ್ಮ ಲ್ಯಾಬಿಗೆ ತೆಗೆದುಕೊಂಡರು. ವಾರಕ್ಕೆ 20 ಗಂಟೆ ಕೆಲಸ, ಫೀಸು ಮಾಫಿ, ತಿಂಗಳಿಗೆ ಸಂಬಳ. ದೊಡ್ಡ ಹೆಸರಿನ ಕಡೆ ಎಂಎಸ್ ಮಕ್ಕಳಿಗೆ ಇದು ಸಿಗುವುದು ಕಷ್ಟ. ಅಲ್ಲಿ ಪಿಎಚ್‌ಡಿಯವರೇ ಸಾಲಾಗಿ ನಿಂತಿರುತ್ತಾರೆ.

ಚಳಿ ಇತ್ತು. ತೊಗರಿಬೇಳೆ ತರಲು ಎರಡು ಗಂಟೆ ದಾರಿ. ಯಾರದೋ ಕಾರಿನಲ್ಲಿ ನಾಲ್ಕು ಜನ ಪಾಲು ಹಾಕಿಕೊಂಡು ಹೋಗುತ್ತಿದ್ದರು. ನಾನು ಕಳಿಸಿದ ಚಟ್ನಿಪುಡಿಯನ್ನು ಲ್ಯಾಬಿನ ಚೀನಾ ಹುಡುಗ ಬ್ರೆಡ್ಡಿಗೆ ಹಾಕಿಕೊಂಡು ತಿನ್ನುತ್ತಿದ್ದನಂತೆ.

ಮುಂದಿನ ದಾರಿಯಲ್ಲೂ ರ‍್ಯಾಂಕ್ ಯಾರೂ ಕೇಳುವುದಿಲ್ಲ. ಓಪಿಟಿ, ಅಂದರೆ ಓದಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಎಲ್ಲರಿಗೂ 12 ತಿಂಗಳು. ಎಂಜಿನಿಯರಿಂಗ್, ವಿಜ್ಞಾನದವರಿಗೆ ಇನ್ನೂ 24 ತಿಂಗಳು. ಅದಾದ ಮೇಲಿನ ಕೆಲಸದ ವೀಸಾ ಎಚ್-1ಬಿಯಲ್ಲಿ ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಅಂತ 20,000 ಜಾಗ ಬೇರೆ ಇದೆ. ಅದಕ್ಕೆ ಕಾಲೇಜು ಮಾನ್ಯತೆ ಪಡೆದದ್ದಾಗಿರಬೇಕು, ಸರ್ಕಾರಿಯೋ ಲಾಭಕ್ಕಲ್ಲದ್ದೋ ಆಗಿರಬೇಕು. ಲಾಭಕ್ಕೆ ನಡೆಸುವ ಕಾಲೇಜಿನ ಮಾಸ್ಟರ್ಸ್ ಈ ಲೆಕ್ಕಕ್ಕೆ ಬರುವುದಿಲ್ಲ. ಕನ್ಸಲ್ಟೆನ್ಸಿಯವರಿಗೆ ಕೇಳಬೇಕಾದ ಪ್ರಶ್ನೆ ಇದು, ಎಷ್ಟನೇ ರ‍್ಯಾಂಕ್ ಅನ್ನುವುದಲ್ಲ.

ಮೋಸದ ಕಾಲೇಜುಗಳ ಬಗ್ಗೆ ಮೇಷ್ಟ್ರು ಬಹಳ ಬರೆದಿದ್ದಾರೆ. ಪಾಠವೇ ಇಲ್ಲದ ಕಡೆ ಯಾರಾದರೂ ಸೇರುತ್ತಾರಾ? ನಾನು ಹೇಳುತ್ತಿರುವುದು ಓದಲು ಹೋಗುವ ಮಕ್ಕಳ ಮಾತು.

ಮಗಳ ಸಾಲ ಕೆಲಸ ಸಿಕ್ಕಿದ ಹದಿನಾಲ್ಕು ತಿಂಗಳಿಗೆ ತೀರಿತು. ವಿನೋಬನಗರದ ಸೈಟಿನ ಪತ್ರ ಮತ್ತೆ ನಮ್ಮ ಬೀರುವಿನಲ್ಲಿದೆ.

ಇದನ್ನು ಕಳಿಸುವ ಮುಂಚೆ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. 'ಅಮ್ಮಾ, ನಮ್ಮ ಕಾಲೇಜಿಗೆ ಕಂಪನಿಗಳು ಬರ್ತಾ ಇರ್ಲಿಲ್ಲ. ನಾನು ಮೊದಲ ಕೆಲಸಕ್ಕೆ ಮುನ್ನೂರು ಅರ್ಜಿ ಹಾಕಿದ್ದೆ, ಅದನ್ನೂ ಬರಿ' ಅಂದಳು. ಬರೆದಿದ್ದೇನೆ.